ಕಾಂಗಲ್, ಅಕ್ಬಾಶ್, ಅನಟೋಲಿಯನ್: ಟರ್ಕಿಯ ಕುರಿಕಾವಲು ನಾಯಿಗಳಲ್ಲಿ ಯಾರಿಗೆ ಯಾವುದು?

ಟರ್ಕಿಯ ಕಾವಲು ನಾಯಿ ಅಂದರೆ ಎಲ್ಲರ ಬಾಯಲ್ಲೂ ಒಂದೇ ಹೆಸರು: ಕಾಂಗಲ್. ಆದರೆ ಆ ದೇಶದ ಕುರಿಗಾಹಿಗಳ ಹತ್ತಿರ ಇರುವುದು ಒಂದೇ ಬಗೆಯ ನಾಯಿ ಅಲ್ಲ. ದೇಶದ ನಡುವೆ ಸಿವಾಸ್ ಪ್ರಾಂತ್ಯದಲ್ಲಿ ಕಾಂಗಲ್. ಅಲ್ಲಿಂದ ಪಶ್ಚಿಮಕ್ಕೆ ಅಂಕಾರಾ, ಎಸ್ಕಿಶೆಹಿರ್ ಕಡೆ ಬಂದರೆ ಬಿಳಿ ಅಕ್ಬಾಶ್. ಅರ್ಮೇನಿಯಾ ಗಡಿಯ ಹತ್ತಿರ ಪೊದೆಗೂದಲಿನ ಕಾರ್ಸ್ ನಾಯಿ. ಅಕ್ಸರಾಯ್ ಸುತ್ತಮುತ್ತ ಜೋಲುತುಟಿಯ ಮಲಕ್ಲಿ. ಇದರ ಜೊತೆಗೆ ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಬೆಳೆದ ‘ಅನಟೋಲಿಯನ್ ಶೆಫರ್ಡ್’ ಎಂಬ ಐದನೆಯ ಹೆಸರು.

ಇವುಗಳಲ್ಲಿ ಯಾವುದನ್ನು ಆರಿಸಬೇಕು? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ತಳಿಯ ಹೆಸರು ನೋಡುವ ಮೊದಲು ನಿಮ್ಮ ಹತ್ತಿರ ಏನಿದೆ ಅಂತ ನೋಡಿಕೊಳ್ಳಿ. ಎಷ್ಟು ಕುರಿ, ಎಷ್ಟು ಜಾಗ, ಯಾವ ಕಾಡುಪ್ರಾಣಿಯ ಕಾಟ, ಅಕ್ಕಪಕ್ಕದಲ್ಲಿ ಯಾರಿದ್ದಾರೆ. ಇಷ್ಟು ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ. ಕುರಿಯೇ ಇಲ್ಲ, ಅಪಾರ್ಟ್‌ಮೆಂಟಿನಲ್ಲಿ ಸಾಕಬೇಕು ಅನ್ನುವವರಿಗೆ ಐದರಲ್ಲಿ ಒಂದೂ ಬೇಡ.

ಇವು ಮಾಡುವ ಕೆಲಸ

ಕುರಿ ಅಟ್ಟುವ ನಾಯಿ ಬೇರೆ, ಕುರಿ ಕಾಯುವ ನಾಯಿ ಬೇರೆ. ಬಾರ್ಡರ್ ಕೋಲಿ ಮಾಲೀಕನ ಸೀಟಿ ಕೇಳಿ ಹಿಂಡನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತದೆ. ಟರ್ಕಿಯ ನಾಯಿಗಳು ಆ ಉಸಾಬರಿಗೇ ಹೋಗುವುದಿಲ್ಲ. ಕುರಿಗಳ ನಡುವೆಯೇ ಹುಟ್ಟಿ, ಅಲ್ಲೇ ಬೆಳೆದು, ಅಲ್ಲೇ ಇರುತ್ತವೆ.

ಟರ್ಕಿಯ ಏಷ್ಯಾ ಭಾಗವಾದ ಅನಟೋಲಿಯಾದ ಬಯಲಿನಲ್ಲಿ ಬೇಸಿಗೆಯ ಹಗಲು ಸುಡುತ್ತದೆ. ಹಾಗಾಗಿ ಕುರಿಗಳನ್ನು ರಾತ್ರಿ ಮೇಯಿಸುವುದು ಅಲ್ಲಿ ರೂಢಿ. ಹಗಲಲ್ಲಿ ಕುರಿಗಳು ತಲೆ ತಗ್ಗಿಸಿ, ಒಂದರ ನೆರಳಲ್ಲಿ ಇನ್ನೊಂದು ಮುಖ ಇಟ್ಟು ಒತ್ತಾಗಿ ನಿಂತಿರುತ್ತವೆ. ನಾಯಿ ಪಕ್ಕದಲ್ಲೇ ಮಣ್ಣು ಕೆರೆದು ತಂಪು ಗುಂಡಿ ಮಾಡಿಕೊಂಡು ಬಿದ್ದಿರುತ್ತದೆ. ನೋಡಿದವರಿಗೆ ಇದೆಂಥ ಸೋಮಾರಿ ನಾಯಿ ಅನ್ನಿಸುತ್ತದೆ. ಹೊತ್ತು ಇಳಿದ ಮೇಲೆ ಎದ್ದು ಮೈ ಕೊಡವಿ, ಎಲ್ಲ ಕಾಣುವಂಥ ದಿಬ್ಬ ಹುಡುಕಿ ಕೂರುತ್ತದೆ. ಆಮೇಲೆ ರಾತ್ರಿಯೆಲ್ಲ ಸುತ್ತು. ಅಲ್ಲಲ್ಲಿ ಉಚ್ಚೆ ಹೊಯ್ದು ಗಡಿ ಹಾಕುವುದು, ಸದ್ದಾದ ಕಡೆಗೆ ಬೊಗಳುವುದು.

ತೋಳ ಬಂದಾಗಲೂ ಮೊದಲ ಕೆಲಸ ಬೊಗಳುವುದೇ. ಬೊಗಳುವ ದನಿ ಬದಲಾಗುತ್ತದೆ. ಒಂದು ನಾಯಿ ತೋಳಕ್ಕೂ ಹಿಂಡಿಗೂ ನಡುವೆ ಬಂದು ನಿಲ್ಲುತ್ತದೆ, ಉಳಿದವು ಅದರ ಹತ್ತಿರ ಓಡಿ ಬರುತ್ತವೆ. ಹೆಚ್ಚಿನ ಸಲ ತೋಳ ಅಲ್ಲಿಂದಲೇ ವಾಪಸ್. ಗಾಯ ಮಾಡಿಕೊಂಡರೆ ತೋಳಕ್ಕೆ ಬದುಕುವುದೇ ಕಷ್ಟ, ಅದು ಸುಮ್ನೆ ಅಪಾಯ ಮೈಮೇಲೆ ಎಳೆದುಕೊಳ್ಳುವುದಿಲ್ಲ. ಜಗಳ ನಡೆದೇ ನಡೆಯಿತು ಅಂದರೆ ಅದಕ್ಕೂ ತಯಾರಿ ಇದೆ. ಟರ್ಕಿಯ ಕುರಿಗಾಹಿಗಳು ನಾಯಿಯ ಕೊರಳಿಗೆ ಕಬ್ಬಿಣದ ಪಟ್ಟಿ ಕಟ್ಟುತ್ತಾರೆ. ಪಟ್ಟಿಯ ಸುತ್ತ ಚೂಪು ಮೊಳೆಗಳು ಹೊರಮುಖವಾಗಿ ಚಾಚಿರುತ್ತವೆ. ತೋಳ ಮೊದಲು ಬಾಯಿ ಹಾಕುವುದು ಕುತ್ತಿಗೆಗೆ. ಮೊಳೆ ಚುಚ್ಚಿದರೆ ಹಿಡಿತ ಸಿಗುವುದಿಲ್ಲ. ಫೋಟೋದಲ್ಲಿ ಇದನ್ನು ನೋಡಿ ಶೋಕಿಗೆ ಮನೆ ನಾಯಿಗೂ ಕಟ್ಟುವವರಿದ್ದಾರೆ. ಮಗು ಬಂದು ಅಪ್ಪಿಕೊಂಡರೆ ಏನು ಗತಿ ಅಂತ ಯೋಚನೆ ಬೇಡವೇ?

ಒಳ್ಳೆಯ ಕಾವಲು ನಾಯಿಗೆ ಏನಿರಬೇಕು ಅನ್ನುವುದಕ್ಕೆ ರೇಮಂಡ್ ಮತ್ತು ಲೋರ್ನಾ ಕಾಪಿಂಜರ್ ದಂಪತಿ ಕೊಟ್ಟ ಮೂರು ಅಳತೆಗಳು ಇವತ್ತಿಗೂ ಚಾಲ್ತಿಯಲ್ಲಿವೆ. ಇವರು ಅಮೆರಿಕದ ಹ್ಯಾಂಪ್‌ಶೈರ್ ಕಾಲೇಜಿನಲ್ಲಿ 1970ರ ದಶಕದ ಕೊನೆಯಿಂದ ಇಂಥ ನಾಯಿಗಳನ್ನು ರೈತರಿಗೆ ಕೊಟ್ಟು ಅಧ್ಯಯನ ಮಾಡಿದವರು. ನಾಯಿಯ ಗಮನ ಸದಾ ಹಿಂಡಿನ ಮೇಲಿರಬೇಕು. ಕುರಿಗೆ ತಾನೇ ತೊಂದರೆ ಕೊಡಬಾರದು. ಹೊರಗಿನಿಂದ ಅಪಾಯ ಬಂದರೆ ಎದುರು ನಿಲ್ಲಬೇಕು. ಜನ ಕೇಳುವುದು ಮೂರನೆಯದನ್ನು ಮಾತ್ರ. ರೈತನಿಗೆ ನಷ್ಟವಾಗುವುದು ಮೊದಲ ಎರಡರಲ್ಲಿ ನಾಯಿ ಕೈಕೊಟ್ಟಾಗ.

ಇನ್ನೊಂದು ಮಾತು. ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2010ರ ದಶಕದಲ್ಲಿ ಐಡಹೊ, ಮೊಂಟಾನಾ ಮುಂತಾದ ತೋಳ ಇರುವ ರಾಜ್ಯಗಳ ಕುರಿಹಿಂಡುಗಳಲ್ಲಿ ಒಂದು ಹೋಲಿಕೆ ಮಾಡಿದರು. ಟರ್ಕಿಯ ಕಾಂಗಲ್, ಬಲ್ಗೇರಿಯಾದ ಕರಕಚಾನ್, ಪೋರ್ಚುಗಲ್‌ನ ಟ್ರಾನ್ಸ್‌ಮೊಂಟಾನೊ, ಜೊತೆಗೆ ಅಲ್ಲಿ ಮೊದಲಿನಿಂದ ಇದ್ದ ಬಿಳಿ ನಾಯಿಗಳು. ತೋಳದ ಬೊಂಬೆ ಇಟ್ಟು ಯಾವುದು ಏನು ಮಾಡುತ್ತದೆ ಅಂತ ನೋಡಿದರು. ತಳಿಗಳ ನಡುವೆ ವ್ಯತ್ಯಾಸ ಕಂಡಿತು, ಆದರೆ ಸಣ್ಣದು. ಕರಕಚಾನ್ ಹೆಚ್ಚು ಎಚ್ಚರ. ಕಾಂಗಲ್ ಹತ್ತಿರ ಹೋಗಿ ಪರೀಕ್ಷಿಸುವುದು ಜಾಸ್ತಿ. ಟ್ರಾನ್ಸ್‌ಮೊಂಟಾನೊಗೆ ಯಾವುದು ಅಪಾಯ ಯಾವುದು ಅಲ್ಲ ಅನ್ನುವ ಅಂದಾಜು ಚೆನ್ನಾಗಿತ್ತು. ಒಟ್ಟಾರೆ ನಡವಳಿಕೆ ಬಹುಮಟ್ಟಿಗೆ ಒಂದೇ ಥರ. ಕೆಳಗಿನ ಹೋಲಿಕೆಗಳನ್ನು ಓದುವಾಗ ಇದು ನೆನಪಿರಲಿ.

ಕಾಂಗಲ್

ಸಿವಾಸ್ ಪ್ರಾಂತ್ಯದ ಕಾಂಗಲ್ ಎಂಬ ಊರು ಇದರ ತವರು. ಅದೇ ಊರಿನ ಬಿಸಿನೀರಿನ ಬುಗ್ಗೆಯಲ್ಲಿ ಚರ್ಮದ ಹೊಪ್ಪಳೆ ತಿನ್ನುವ ಮೀನುಗಳಿವೆ. ಮಾಲ್‌ಗಳಲ್ಲಿ ಕಾಲು ಇಳಿಬಿಟ್ಟು ಕೂರುವ ‘ಫಿಶ್ ಸ್ಪಾ’ ಇದೆಯಲ್ಲ, ಆ ಚಿಕಿತ್ಸೆಗೆ ಹೆಸರಾದ ಜಾಗಗಳಲ್ಲಿ ಇದೂ ಒಂದು. ಸಣ್ಣ ಊರಿಗೆ ಎರಡೆರಡು ಪ್ರಸಿದ್ಧಿ!

ಸಿವಾಸ್ ಎತ್ತರದ ಬಯಲು, ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್. ಬೇಸಿಗೆ ಒಣ ಬಿಸಿಲು, ಚಳಿಗಾಲದಲ್ಲಿ ಸೊನ್ನೆಗಿಂತ ಬಹಳ ಕೆಳಗೆ ಇಳಿಯುವ ಚಳಿ. ಈ ಎರಡನ್ನೂ ತಡೆಯುವ ಮೈ ಕಾಂಗಲ್‌ನದು. ಒಳಗೆ ಮೆತ್ತನೆಯ ದಟ್ಟ ಕೂದಲು, ಹೊರಗೆ ಒರಟು ಗಿಡ್ಡ ಕೂದಲು. ಬಣ್ಣ ತಿಳಿಕಂದಿನಿಂದ ಬೂದುಗಂದಿನವರೆಗೆ. ಮೂತಿ ಕಪ್ಪು, ಕಿವಿ ಕಪ್ಪು. ಬಾಲ ಬೆನ್ನ ಮೇಲೆ ಸುರುಳಿ. ಗಂಡು ನಾಯಿ ಭುಜದ ಹತ್ತಿರ 72ರಿಂದ 80 ಸೆಂಟಿಮೀಟರ್ ಎತ್ತರ, ತೂಕ ಸಾಮಾನ್ಯವಾಗಿ 50ರಿಂದ 65 ಕೆ.ಜಿ. ಹೆಣ್ಣು 40ರಿಂದ 55 ಕೆ.ಜಿ.

ಸ್ವಭಾವದಲ್ಲಿ ಇದು ಸಮಾಧಾನಿ. ತನ್ನ ಮನೆಯವರ ಜೊತೆ, ಅದರಲ್ಲೂ ಮಕ್ಕಳ ಜೊತೆ ಹೊಂದಿಕೊಳ್ಳುತ್ತದೆ. ಹೊಸಬರ ಮೇಲೆ ಸುಮ್ಮಸುಮ್ಮನೆ ಎಗರುವುದಿಲ್ಲ. ಎದ್ದು ನಿಂತು ನೋಡುತ್ತದೆ, ಬೊಗಳುತ್ತದೆ, ಮುಂದೆ ಬಂದರೆ ತಡೆಯುತ್ತದೆ. ತಾನೇ ಯೋಚಿಸಿ ತೀರ್ಮಾನ ಮಾಡುವ ನಾಯಿ ಇದು. ಕುರಿಗಾಹಿ ಪಕ್ಕದಲ್ಲಿ ಇಲ್ಲದಾಗಲೂ ಕೆಲಸ ನಡೆಯಬೇಕಲ್ಲ, ಅದಕ್ಕೇ ತಲೆಮಾರುಗಳಿಂದ ಹೀಗೆ ಬೆಳೆಸಿದ್ದಾರೆ. ಇದೇ ಗುಣ ನಗರದಲ್ಲಿ ತಲೆನೋವು. ‘ಬಾ’ ಅಂದರೆ ಬರಬೇಕೋ ಬೇಡವೋ ಅಂತ ಅದು ಯೋಚಿಸುತ್ತಿರುತ್ತದೆ, ಅಷ್ಟರಲ್ಲಿ ಕೊರಿಯರ್ ಹುಡುಗ ಗೇಟು ತೆಗೆದಿರುತ್ತಾನೆ.

ಕಾಂಗಲ್ ಅಂದ ಕೂಡಲೇ ಕೇಳಿಬರುವ ‘743 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಒತ್ತಡ) ಕಚ್ಚುವ ಶಕ್ತಿ’ಯ ಮಾತೂ ಇಲ್ಲೇ ಮುಗಿಸಿಬಿಡೋಣ. ವಿಡಿಯೋದಿಂದ ವಿಡಿಯೋಗೆ ಈ ಅಂಕಿ ದಾಟುತ್ತಾ ಬಂದಿದೆ. ಯಾರು ಅಳೆದರು, ಎಷ್ಟು ನಾಯಿಗಳಲ್ಲಿ ಅಳೆದರು ಅಂತ ಹುಡುಕುತ್ತಾ ಹೋದರೆ ನಂಬುವಂಥ ಮೂಲ ಸಿಗುವುದಿಲ್ಲ. ಸಿಕ್ಕಿದ್ದರೂ ಆಯ್ಕೆಗೆ ಅದರಿಂದ ಉಪಯೋಗ ಇಲ್ಲ. ಕಚ್ಚುವ ಹಂತಕ್ಕೆ ಹೋಗದೆ ರಾತ್ರಿ ಕಳೆಯುವ ನಾಯಿಯೇ ಒಳ್ಳೆಯ ಕಾವಲು ನಾಯಿ.

ಇನ್ನು ಊಟ. ಸಿವಾಸ್‌ನಲ್ಲಿ ಇವಕ್ಕೆ ‘ಯಾಲ್’ ಹಾಕುತ್ತಾರೆ. ಬಾರ್ಲಿ ಹಿಟ್ಟನ್ನು ಬಿಸಿನೀರಲ್ಲೋ ಹಾಲೊಡೆದ ನೀರಲ್ಲೋ ಕಲಸಿದ ಮುದ್ದೆಯಂಥದ್ದು. ನಮ್ಮ ಹಟ್ಟಿಯ ನಾಯಿಗೆ ರಾಗಿ ಅಂಬಲಿ ಸುರಿದ ಹಾಗೆ. ಮೈಗಾತ್ರ ನೋಡಿ ಎಷ್ಟು ತಿನ್ನುತ್ತದೋ ಅಂತ ಹೆದರುವವರಿಗೆ ಆಶ್ಚರ್ಯವಾಗುತ್ತದೆ, ದೊಡ್ಡದಾದ ಮೇಲೆ ಗಾತ್ರದ ಲೆಕ್ಕದಲ್ಲಿ ಇದರ ಊಟ ಕಡಿಮೆಯೇ. ಮರಿಗೆ ಬೇಗ ದಪ್ಪಗಾಗಲಿ ಅಂತ ತುರುಕಬೇಡಿ. ಬೇಗ ಬೇಗ ತೂಕ ಏರಿದರೆ ಸೊಂಟದ ಕೀಲು ಹಾಳಾಗುತ್ತದೆ.

ಅಕ್ಬಾಶ್

ಅಕ್ಬಾಶ್ ಪೂರ್ತಿ ಬಿಳಿ. ಕಣ್ಣಂಚು, ಮೂಗು, ತುಟಿ ಮಾತ್ರ ಕಪ್ಪು ಅಥವಾ ಕಡುಕಂದು. ಕಾಂಗಲ್‌ಗಿಂತ ಸಣ್ಣ ಮೈಕಟ್ಟು, ಕಾಲು ಉದ್ದ. ಗಂಡು 40ರಿಂದ 60 ಕೆ.ಜಿ. ತೂಗುತ್ತದೆ. ಓಡುವಾಗ ನೋಡಬೇಕು, ಬೇಟೆನಾಯಿಯ ಹಗುರ ಅದರಲ್ಲಿ ಕಾಣುತ್ತದೆ. ಬಿಳಿ ಬಣ್ಣದ್ದೊಂದು ಅನುಕೂಲ ಇದೆ. ಮಬ್ಬುಗತ್ತಲಲ್ಲಿ ಓಡುತ್ತಿರುವುದು ತೋಳವೋ ನಾಯಿಯೋ ಅಂತ ಕುರಿಗಾಹಿಗೆ ಗೊತ್ತಾಗುತ್ತದೆ.

ಟರ್ಕಿಯ ಹೊರಗೆ ಇದಕ್ಕೆ ಹೆಸರು ತಂದುಕೊಟ್ಟವರು ಡೇವಿಡ್ ಮತ್ತು ಜೂಡಿ ನೆಲ್ಸನ್ ಎಂಬ ಅಮೆರಿಕನ್ ದಂಪತಿ. 1970ರ ದಶಕದಲ್ಲಿ ಟರ್ಕಿಯಲ್ಲಿದ್ದಾಗ ಅಲ್ಲಿನ ಕುರಿನಾಯಿಗಳನ್ನು ಊರೂರು ಸುತ್ತಿ ಗಮನಿಸಿದರು, 1978ರಿಂದ ಅಕ್ಬಾಶ್‌ಗಳನ್ನು ಅಮೆರಿಕಕ್ಕೆ ತಂದರು. ಅಲ್ಲಿನ ಕೃಷಿ ಇಲಾಖೆಯ ಕಾವಲು ನಾಯಿ ಪ್ರಯೋಗಗಳಲ್ಲೂ ಅಕ್ಬಾಶ್ ಇತ್ತು. 1998ರಲ್ಲಿ ನಾಯಿ ತಳಿಗಳ ದಾಖಲೆ ಇಡುವ ಅಮೆರಿಕದ ಯುನೈಟೆಡ್ ಕೆನಲ್ ಕ್ಲಬ್ ಕಾಂಗಲ್ ಮತ್ತು ಅಕ್ಬಾಶ್ ಎರಡನ್ನೂ ಬೇರೆ ಬೇರೆ ತಳಿಗಳಾಗಿ ಒಪ್ಪಿಕೊಂಡಿತು.

ಎರಡನ್ನೂ ಸಾಕಿದವರು ಹೇಳುವ ವ್ಯತ್ಯಾಸ ಇಷ್ಟು. ಕಾಂಗಲ್‌ಗೆ ಮನುಷ್ಯರ ಒಡನಾಟ ಇಷ್ಟ, ಅಕ್ಬಾಶ್ ಸ್ವಲ್ಪ ದೂರ ದೂರ. ಕುರಿಗಳ ಜೊತೆ ಬಿಟ್ಟರೆ ಅದಕ್ಕೆ ಅಷ್ಟೇ ಸಾಕು. ಸದ್ದು, ವಾಸನೆ, ಹೊಸ ವಸ್ತು ಎಲ್ಲದಕ್ಕೂ ಬೇಗ ಎಚ್ಚರಾಗುತ್ತದೆ, ಅದಕ್ಕೆ ತಕ್ಕಂತೆ ಬೊಗಳುವುದೂ ಜಾಸ್ತಿ. ಮರಿ ಹಾಕುವ ಕುರಿಯ ಪಕ್ಕದಲ್ಲಿ ಸದ್ದಿಲ್ಲದೆ ಕೂತಿರುವ ತಾಳ್ಮೆ ಇದರಲ್ಲಿ ಚೆನ್ನಾಗಿದೆ ಅನ್ನುತ್ತಾರೆ. ದೊಡ್ಡ ಪ್ರಾಣಿಯ ಎದುರು ಎದೆಯೊಡ್ಡಿ ನಿಲ್ಲಲು ಕಾಂಗಲ್‌ನ ಭಾರ ಅನುಕೂಲ. ನರಿ, ಬೀದಿನಾಯಿ, ಅಮೆರಿಕದ ಸಣ್ಣ ತೋಳದಂಥ ಕೊಯೋಟಿ ಇಂಥವನ್ನು ಬೆನ್ನಟ್ಟಿ ಓಡಿಸಲು ಅಕ್ಬಾಶ್‌ನ ಕಾಲು ಅನುಕೂಲ.

ಬೇಲಿಯ ವಿಷಯದಲ್ಲಿ ಎರಡೂ ಒಂದೇ, ಸಿಕ್ಕಿದ ಸಂದಿಯಲ್ಲಿ ನುಸುಳುತ್ತವೆ. ಇವುಗಳ ಲೆಕ್ಕದಲ್ಲಿ ಗಡಿ ಅಂದರೆ ನಿಮ್ಮ ಸರ್ವೆ ಕಲ್ಲಲ್ಲ, ತಮ್ಮ ಕಣ್ಣಿಗೆ ಕಾಣುವಷ್ಟು ದೂರ. ಪಕ್ಕದವರ ಹೊಲದಲ್ಲಿ ನಾಯಿ ಓಡಾಡಿದರೂ ಇವಕ್ಕೆ ಅದು ಅತಿಕ್ರಮಣವೇ. ಕನಿಷ್ಠ ಐದು ಅಡಿ ಎತ್ತರದ ಗಟ್ಟಿ ಬೇಲಿ ಬೇಕು, ಬುಡದಲ್ಲಿ ತೋಡದ ಹಾಗೆ ಕಲ್ಲೋ ಜಾಲರಿಯೋ ಹಾಕಬೇಕು.

ನನ್ನನ್ನು ಕೇಳಿದರೆ, ಮನೆ ಮತ್ತು ಕುರಿದೊಡ್ಡಿ ಒಂದೇ ಅಂಗಳದಲ್ಲಿದ್ದು, ಮಕ್ಕಳು ಮರಿ ಎಲ್ಲ ಓಡಾಡುವ ಜಾಗಕ್ಕೆ ಕಾಂಗಲ್. ಹಿಂಡು ಮನೆಯಿಂದ ದೂರದಲ್ಲಿ, ಬೇಲಿ ಹಾಕಿದ ಹುಲ್ಲುಗಾವಲಿನಲ್ಲಿ ಹಗಲು ರಾತ್ರಿ ಇರುವುದಾದರೆ ಅಕ್ಬಾಶ್. ತೋಳವೋ ಕರಡಿಯೋ ನಿಜವಾಗಿ ಬರುವ ಜಾಗವಾದರೆ ಕಾಂಗಲ್, ಅದೂ ಒಂದಲ್ಲ, ಎರಡಾದರೂ. ಒಂಟಿ ನಾಯಿಯನ್ನು ತೋಳದ ಗುಂಪಿನ ಎದುರು ಬಿಟ್ಟು ಕಾಯಿ ಅನ್ನುವುದು ನ್ಯಾಯವಲ್ಲ.

ಅನಟೋಲಿಯನ್ ಶೆಫರ್ಡ್: ಗೊಂದಲದ ಮೂಲ

ಇಲ್ಲಿ ಸ್ವಲ್ಪ ಕಥೆ ಹೇಳಬೇಕು, ಇಲ್ಲದಿದ್ದರೆ ಜಾಹೀರಾತು ಓದಿದಾಗ ತಲೆ ಕೆಡುತ್ತದೆ.

ಪುರಾತತ್ವದ ಕೆಲಸಕ್ಕೆ ಟರ್ಕಿಗೆ ಹೋಗಿದ್ದ ಚಾರ್ಮಿಯನ್ ಸ್ಟೀಲ್ 1965ರಲ್ಲಿ ಒಂದು ಜೋಡಿ ನಾಯಿಗಳನ್ನು ಇಂಗ್ಲೆಂಡಿಗೆ ತಂದರು. ಅದಾದ ಮೇಲೆ ಅಮೆರಿಕದ ನೌಕಾಪಡೆಯ ಅಧಿಕಾರಿ ರಾಬರ್ಟ್ ಬಲ್ಲಾರ್ಡ್ ಟರ್ಕಿಯಲ್ಲಿ ಸಿಕ್ಕ ಝೋರ್ಬಾ, ಪೆಕಿ ಎಂಬ ಜೋಡಿಯನ್ನು 1968ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಒಯ್ದರು. 1970ರಲ್ಲಿ ಅವಕ್ಕೆ ಮರಿಗಳಾದವು, ಅದೇ ವರ್ಷ ಅನಟೋಲಿಯನ್ ಶೆಫರ್ಡ್ ಹೆಸರಿನ ಕ್ಲಬ್ಬೂ ಹುಟ್ಟಿತು. ಆಮೇಲೆ ಬೇರೆ ಬೇರೆ ಕಡೆಯ ಟರ್ಕಿ ನಾಯಿಗಳು ಇದೇ ಹೆಸರಿನಡಿ ಸೇರುತ್ತಾ ಹೋದವು. ಕಂದು, ಬಿಳಿ, ಮಚ್ಚೆ, ಪಟ್ಟೆ, ಎಲ್ಲ ಬಣ್ಣವೂ ನಡೆಯುತ್ತದೆ. ಅಮೆರಿಕನ್ ಕೆನಲ್ ಕ್ಲಬ್ 1990ರ ದಶಕದಲ್ಲಿ ಇದನ್ನು ತಳಿಯಾಗಿ ಒಪ್ಪಿತು.

ಟರ್ಕಿಯವರಿಗೆ ಇದು ಹಿಡಿಸಲಿಲ್ಲ. ನಮ್ಮಲ್ಲಿ ಕಾಂಗಲ್ ಬೇರೆ, ಅಕ್ಬಾಶ್ ಬೇರೆ, ಎಲ್ಲ ಕಲಸಿ ಒಂದು ಹೆಸರು ಇಟ್ಟರೆ ಹೇಗೆ ಅನ್ನುವುದು ಅವರ ವಾದ. ಕೊನೆಗೆ 2018ರಲ್ಲಿ ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ ಎಫ್‌ಸಿಐ ತನ್ನ ಪಟ್ಟಿಯಲ್ಲಿದ್ದ ‘ಅನಟೋಲಿಯನ್ ಶೆಫರ್ಡ್’ ಹೆಸರನ್ನು ‘ಕಾಂಗಲ್ ಶೆಫರ್ಡ್’ ಎಂದು ಬದಲಾಯಿಸಿತು. ಅಮೆರಿಕದಲ್ಲಿ ಮಾತ್ರ ಹಳೆಯ ಹೆಸರು ಹಾಗೇ ಮುಂದುವರಿದಿದೆ. ಹಾಗಾಗಿ ಒಂದು ದೇಶದ ಕಾಗದದಲ್ಲಿ ಅನಟೋಲಿಯನ್ ಅಂತ ಇದ್ದದ್ದು ಇನ್ನೊಂದು ಕಡೆ ಕಾಂಗಲ್ ಆಗಿರಬಹುದು, ಆಗದೆಯೂ ಇರಬಹುದು.

ಕೊಳ್ಳುವವರಿಗೆ ಇದರಲ್ಲಿ ಲಾಭವೂ ಇದೆ, ತೊಂದರೆಯೂ ಇದೆ. ಮರಿ ಸಿಗುವುದು ಸುಲಭ, ದಾಖಲೆ ಇರುತ್ತದೆ, ಸೊಂಟದ ಎಕ್ಸ್‌ರೇ ಮಾಡಿಸಿದ ಅಪ್ಪ ಅಮ್ಮನ ಮರಿಗಳನ್ನು ಕೇಳಿ ಪಡೆಯಬಹುದು. ತೊಂದರೆ ಏನೆಂದರೆ, ಪ್ರದರ್ಶನಕ್ಕೆ ಬೆಳೆಸಿದ ವಂಶ ಯಾವುದು, ಕುರಿ ಹಿಂದೆ ಬೆಳೆದ ವಂಶ ಯಾವುದು ಅಂತ ನೀವೇ ಕೆದಕಿ ನೋಡಬೇಕು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಈ ಹೆಸರಿನ ನಾಯಿಗಳು ಅತಿ ಚೆನ್ನಾಗಿ ಕೆಲಸ ಮಾಡಿ ತೋರಿಸಿದ್ದು ಆಫ್ರಿಕಾದಲ್ಲಿ. ನಮೀಬಿಯಾದ ರೈತರು ಆಡು ಕುರಿ ತಿನ್ನುತ್ತವೆ ಅಂತ ಚೀತಾಗಳಿಗೆ ಗುಂಡು ಹಾರಿಸುತ್ತಿದ್ದರು. ಲಾರಿ ಮಾರ್ಕರ್ ಅವರ ಚೀತಾ ಕನ್ಸರ್ವೇಶನ್ ಫಂಡ್ 1994ರಿಂದ ಅವರಿಗೆ ಅನಟೋಲಿಯನ್ ನಾಯಿಗಳನ್ನು, ಆಮೇಲೆ ಕಾಂಗಲ್‌ಗಳನ್ನೂ ಕೊಡಲು ಶುರು ಮಾಡಿತು. ನಾಯಿ ಬಂದ ಮೇಲೆ ನಷ್ಟ ಶೇ. 80ಕ್ಕಿಂತ ಹೆಚ್ಚು ಇಳಿದಿದೆ ಅನ್ನುವುದು ಸಂಸ್ಥೆಯ ಲೆಕ್ಕ. ನಾಯಿ ಚೀತಾವನ್ನು ಕೊಲ್ಲಬೇಕಾಗಿಲ್ಲ. ಎದುರಿಗೆ ನಿಂತು ಬೊಗಳಿದರೆ ಚೀತಾ ಬೇರೆ ದಾರಿ ಹಿಡಿಯುತ್ತದೆ, ರೈತ ಬಂದೂಕು ತೆಗೆಯುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಮಧ್ಯಪ್ರದೇಶದ ನಮ್ಮ ಕುನೋ ಕಾಡಿಗೆ ಬಂದ ಮೊದಲ ಚೀತಾಗಳು ಇದೇ ನಮೀಬಿಯಾದವು, ಅವನ್ನು ಕಳಿಸುವುದರಲ್ಲಿ ಇದೇ ಸಂಸ್ಥೆ ಕೈಜೋಡಿಸಿತ್ತು. ಬಿಸಿಲಿನಲ್ಲಿ ಗಿಡ್ಡ ಕೂದಲಿನ ಟರ್ಕಿ ನಾಯಿ ತಾಳುತ್ತದೆ ಅನ್ನುವುದಕ್ಕೂ ನಮೀಬಿಯಾ ಸಾಕ್ಷಿ. ಅಲ್ಲಿ ಅವಕ್ಕೆ ಕಾಟ ಕೊಡುವುದು ಬಿಸಿಲಿಗಿಂತ ಉಣ್ಣಿಹುಳ, ಹಾವು.

ಕಾರ್ಸ್, ಮಲಕ್ಲಿ

ಇವೆರಡರ ಬಗ್ಗೆ ಬೇಗ ಹೇಳಿ ಮುಗಿಸಬಹುದು. ಕಾರ್ಸ್ ಊರು ಸುಮಾರು 1,750 ಮೀಟರ್ ಎತ್ತರದಲ್ಲಿದೆ, ಚಳಿಗಾಲ ಅಂದರೆ ಹಿಮ. ನಾಯಿಯೂ ಹಾಗೇ: ಉದ್ದ ಕೂದಲು, ಹೆಚ್ಚಾಗಿ ಕಪ್ಪು ಅಥವಾ ಗಾಢ ಬಣ್ಣ, ಕಾಕಸಸ್ ಕಡೆಯ ದೊಡ್ಡ ಕುರಿನಾಯಿಗಳ ಹತ್ತಿರದ ನೆಂಟ. ಹೊಸಬರನ್ನು ಕಂಡರೆ ಕಾಂಗಲ್‌ನಷ್ಟು ತಾಳ್ಮೆ ಇಲ್ಲ. ಹಿಮ ಬೀಳುವ ಬೆಟ್ಟದ ಊರಲ್ಲಿ ಕುರಿ ಸಾಕುವವರಿಗೆ ಸರಿ, ಬೇರೆಯವರಿಗೆ ಬೇಡ. ಹೊರದೇಶಗಳಲ್ಲಿ ಸಿಗುವುದೂ ಅಪರೂಪ.

ಮಲಕ್ಲಿಯದು ಬೇರೆ ಕಥೆ. ಅಕ್ಸರಾಯ್‌ನ ಈ ನಾಯಿ ಗಾತ್ರದಲ್ಲಿ ಎಲ್ಲಕ್ಕಿಂತ ದೊಡ್ಡದು. ಭಾರವಾದ ತಲೆ, ಜೋಲುವ ತುಟಿ, ಕುತ್ತಿಗೆಯಲ್ಲಿ ಸಡಿಲ ಚರ್ಮ. ಇಂಟರ್ನೆಟ್ಟಿನಲ್ಲಿ ‘ದೈತ್ಯ ಕಾಂಗಲ್’ ಅಂತ ಓಡಾಡುವ ಎಷ್ಟೋ ಚಿತ್ರಗಳು ಮಲಕ್ಲಿಯವು, ಇಲ್ಲವೇ ಮಲಕ್ಲಿ ಬೆರಕೆಯವು. ಗಾತ್ರಕ್ಕೇ ಮರುಳಾಗಿ ಸಾಕುವವರು ಹೆಚ್ಚಾದಷ್ಟೂ ನಾಯಿಗೆ ಕಷ್ಟ. ಕುರಿ ಹಿಂದೆ ರಾತ್ರಿಯೆಲ್ಲ ನಡೆಯಲು ಅಷ್ಟು ಭಾರ ಒಳ್ಳೆಯದಲ್ಲ, ಕೀಲುಗಳು ಸೋಲುತ್ತವೆ. ನಿಮಗೆ ಕಾವಲು ಬೇಕೋ, ತೋರಿಸಿಕೊಳ್ಳುವುದು ಬೇಕೋ? ಎರಡನೆಯದಕ್ಕಾದರೆ ನಾಯಿ ಯಾಕೆ, ಬುಲೆಟ್ ಬೈಕ್ ತಗೊಳ್ಳಿ. ನಾಯಿ ಕಾಳಗದ ಆಸೆ ಇದ್ದವರಿಗೆ ಅದನ್ನೂ ಹೇಳುವುದಿಲ್ಲ. ಅದು ಟರ್ಕಿಯಲ್ಲೂ ಅಪರಾಧ, ನಮ್ಮಲ್ಲೂ ಅಪರಾಧ.

ನಮ್ಮ ಕಡೆಯವರು ಸಾಕಬಹುದಾ?

ಮೊದಲು ಕಾನೂನು. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರದ ಪಶುಸಂಗೋಪನೆ ಇಲಾಖೆ 23 ಬಗೆಯ ನಾಯಿಗಳ ಆಮದು, ಮರಿ ಮಾಡಿಸುವುದು ಮತ್ತು ಮಾರಾಟಕ್ಕೆ ಪರವಾನಗಿ ಕೊಡಬೇಡಿ ಅಂತ ರಾಜ್ಯಗಳಿಗೆ ಬರೆಯಿತು. ಆ ಪಟ್ಟಿಯಲ್ಲಿ ಕಾಂಗಲ್ ಮತ್ತು ಅಕ್ಬಾಶ್ ಎರಡರ ಹೆಸರೂ ಇದ್ದವು. ಕರ್ನಾಟಕ ಹೈಕೋರ್ಟ್ ಮೊದಲು ತಡೆ ಕೊಟ್ಟು, ಏಪ್ರಿಲ್ 10ರಂದು ಆ ಸುತ್ತೋಲೆಯನ್ನು ರದ್ದು ಮಾಡಿತು. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಹೊರಡಿಸಿದ್ದಾರೆ ಅನ್ನುವುದು ಮುಖ್ಯ ಕಾರಣ. ಕ್ರಮ ಪಾಲಿಸಿ ಹೊಸದಾಗಿ ನಿಯಮ ತರಬಹುದು ಅಂತಲೂ ಹೇಳಿತು. ಅಂದರೆ ವಿಷಯ ಮುಗಿದಿಲ್ಲ. ತರುವ ಮುಂಚೆ ನಿಮ್ಮ ಪಾಲಿಕೆ ಅಥವಾ ಪಂಚಾಯಿತಿಯ ನಿಯಮ, ಪಶುಸಂಗೋಪನೆ ಇಲಾಖೆಯ ಈಗಿನ ಆದೇಶ ಎರಡನ್ನೂ ನೋಡಿಕೊಳ್ಳಿ. ಹೊರದೇಶದಲ್ಲಿರುವ ಕನ್ನಡಿಗರಿಗೂ ಇದೇ ಮಾತು. ಡೆನ್ಮಾರ್ಕ್ 2010ರಲ್ಲಿ ನಿಷೇಧಿಸಿದ ತಳಿಗಳಲ್ಲಿ ಕಾಂಗಲ್ ಇದೆ. ಜರ್ಮನಿಯ ಹೆಸ್ಸೆನ್ ರಾಜ್ಯದಲ್ಲೂ ಅದು ಅಪಾಯಕಾರಿ ನಾಯಿಗಳ ಪಟ್ಟಿಯಲ್ಲಿದೆ. ಫ್ರಾಂಕ್‌ಫರ್ಟ್ ಇರುವುದು ಅದೇ ರಾಜ್ಯದಲ್ಲಿ.

‘ಸಿವಾಸ್‌ನಿಂದ ನೇರ ತರಿಸಿದ ಮರಿ’ ಅಂತ ಯಾರಾದರೂ ಅಂದರೆ ಎರಡು ಸಲ ಯೋಚಿಸಿ. ಟರ್ಕಿ ತನ್ನ ಈ ನಾಯಿಗಳನ್ನು ಹೊರಗೆ ಒಯ್ಯುವುದಕ್ಕೆ ನಿರ್ಬಂಧ ಹಾಕಿದೆ.

ಕಾನೂನು ಬಿಟ್ಟರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಕರ್ನಾಟಕದ ಬಯಲುಸೀಮೆಯಲ್ಲಿ ತೋಳ ಇದೆ, ಕುರಿ ಇದೆ, ನಷ್ಟವೂ ಇದೆ. ಹಾಗಾದರೆ ಕಾಂಗಲ್ ತಂದರೆ ಒಳ್ಳೆಯದಲ್ವಾ ಅಂತ ಕೇಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ನಮ್ಮ ಕುರುಬರು ಹಿಂಡು ಹೊಡೆದುಕೊಂಡು ಊರೂರು ದಾಟುತ್ತಾರೆ. ಹೆದ್ದಾರಿ ದಾಟುತ್ತಾರೆ. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುತ್ತಾರೆ. ಬೆಳಿಗ್ಗೆ ಹೊಲದ ಯಜಮಾನ ತನ್ನದೇ ಹೊಲಕ್ಕೆ ಬರುತ್ತಾನೆ. ರಾತ್ರಿಯೆಲ್ಲ ಆ ಜಾಗ ತನ್ನದು ಅಂತ ಕಾದ 60 ಕೆ.ಜಿ. ನಾಯಿಗೆ ಅವನು ಯಜಮಾನ ಅಂತ ಹೇಳುವವರು ಯಾರು? ಸಿವಾಸ್‌ನ ಬಯಲಿನಲ್ಲಿ ಹಳ್ಳಿಯಿಂದ ಹಳ್ಳಿಗೆ ದೂರ ಇದೆ. ನಮ್ಮಲ್ಲಿ ಕೂಗಿದರೆ ಓಗೊಡುವಷ್ಟು ಹತ್ತಿರ ಮನೆಗಳು. ನಮ್ಮ ಮಂದೆ ನಾಯಿಗಳು ಬೊಗಳಿ ಎಬ್ಬಿಸುತ್ತವೆ, ಕೋಲು ಹಿಡಿದು ಏಳುವವರು ಮನುಷ್ಯರು. ಜನ ಹತ್ತಿರ ಇರುವ ಕಡೆ ಈ ಏರ್ಪಾಡೇ ವಾಸಿ.

ದೊಡ್ಡ ಕಾವಲು ನಾಯಿಯೇ ಬೇಕು ಅನ್ನುವವರಿಗೆ ಹಿಮಾಲಯದ ಕಡೆ ಗದ್ದಿ ನಾಯಿ, ಬಕರ್ವಾಲ್ ನಾಯಿ ಇವೆ, ಇದೇ ಕೆಲಸಕ್ಕೆ ಬೆಳೆದವು. ಆದರೆ ಅವುಗಳ ದಪ್ಪ ಕೂದಲು ನಮ್ಮ ರಾಯಚೂರಿನ ಬಿಸಿಲಿಗೆ ಅಲ್ಲ. ಮುಧೋಳ ನಾಯಿ ಬಿಸಿಲಿಗೆ ಸರಿ, ಆದರೆ ಅದು ಕಣ್ಣಿಗೆ ಬಿದ್ದದ್ದನ್ನು ಓಡಿ ಹಿಡಿಯುವ ಬೇಟೆನಾಯಿ. ಹಿಂಡಿನ ಜೊತೆ ನಿಂತು ಕಾಯುವುದು ಅದರ ರಕ್ತದಲ್ಲಿಲ್ಲ.

ಎಲ್ಲ ಅನುಕೂಲ ಇದ್ದು ಮರಿ ತರುವುದಾದರೆ

ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ನಾಲ್ಕಾರು ಎಕರೆ ಜಮೀನು, ಆಡು ಕುರಿ ಇಟ್ಟುಕೊಂಡವರು ಈ ಭಾಗ ಗಮನವಿಟ್ಟು ಓದಿ.

ಮರಿ ನೋಡಲು ಹೋದಾಗ ಮೊದಲು ಕುರಿಗಳನ್ನು ತೋರಿಸಿ ಅನ್ನಿ. ಅಪ್ಪ ಅಮ್ಮ ನಾಯಿಗಳು ಹಿಂಡಿನ ಒಳಗೆ ಇವೆಯೋ, ಪಂಜರದಲ್ಲಿ ಇವೆಯೋ ನೋಡಿ. ಒಳಗಿದ್ದರೆ ಕುರಿಗಳು ಅವನ್ನು ಕಂಡು ಬೆದರುತ್ತವೋ ಇಲ್ಲವೋ ಗಮನಿಸಿ. ಕುರಿ ನಾಯಿಗೆ ಒರಗಿ ಮಲಗಿದ್ದರೆ ನಿಮಗೆ ಬೇಕಾದ ಪ್ರಮಾಣಪತ್ರ ಅದೇ. ತಾಯಿ ನಾಯಿ ನಿಮ್ಮನ್ನು ಕಂಡು ಬೊಗಳಿ, ಮಾಲೀಕ ಪಕ್ಕದಲ್ಲಿ ಬಂದ ಮೇಲೆ ಸುಮ್ಮನಾದರೆ ಒಳ್ಳೆಯದು. ಹೆದರಿ ಮೂಲೆ ಸೇರಿದರೆ, ಅಥವಾ ಮಾಲೀಕ ಹಿಡಿದರೂ ನಿಲ್ಲದೆ ನುಗ್ಗಿದರೆ, ಆ ಮರಿ ಬೇಡ. ಸೊಂಟದ ಎಕ್ಸ್‌ರೇ ಕೇಳಿ. ಕಣ್ಣಿನ ರೆಪ್ಪೆ ಒಳಕ್ಕೆ ಮಡಚಿದೆಯಾ ನೋಡಿ. ಕಿವಿ ಕತ್ತರಿಸಿದ ಮರಿ ಕೊಡುತ್ತೇವೆ ಅಂದರೆ ಬೇಡ ಅನ್ನಿ, ಅದು ಹಲವು ದೇಶಗಳಲ್ಲಿ ಅಪರಾಧ.

ಎಂಟು ವಾರಕ್ಕೆ ಮರಿ ತಂದರೆ ಅದರ ಜಾಗ ಕೊಟ್ಟಿಗೆ, ಸೋಫಾ ಅಲ್ಲ. ಹದಿನಾರು ವಾರದೊಳಗೆ ಅದು ಯಾರ ಜೊತೆ ಬೆಳೆಯುತ್ತದೋ ಅವರನ್ನೇ ತನ್ನವರು ಅಂದುಕೊಳ್ಳುತ್ತದೆ. ಸಣ್ಣ ಅಂಕಣ ಮಾಡಿ, ಸಮಾಧಾನದ ಎರಡು ಮೂರು ದೊಡ್ಡ ಕುರಿಗಳನ್ನು ಜೊತೆಗೆ ಬಿಡಿ. ಮರಿ ಕಿವಿ ಎಳೆಯಲು ಹೋದರೆ ಗುಮ್ಮಿ ಪಾಠ ಕಲಿಸುವಂಥ ಹೆಣ್ಣು ಕುರಿ ಇದ್ದರೆ ಇನ್ನೂ ಒಳ್ಳೆಯದು. ಕುರಿಗೆ ಸಿಗದ ಹಾಗೆ ನಾಯಿಮರಿ ಓಡಿಹೋಗಲು ಒಂದು ಸಂದಿಯೂ ಇರಲಿ. ನೀವು ದಿನಾ ಹೋಗಿ ಮುಟ್ಟಿ, ಕೊರಳಪಟ್ಟಿ ಹಾಕಿ ನಡೆಸಿ, ಬಾಯಿ ತೆಗೆದು ನೋಡಿ. ಮನುಷ್ಯರ ಕೈಯೇ ತಾಗದೆ ಬೆಳೆದ ನಾಯಿಯನ್ನು ಮುಂದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ಯಾರಿಂದಲೂ ಆಗದು.

ಆರೇಳು ತಿಂಗಳಿಂದ ಒಂದೂವರೆ ವರ್ಷದವರೆಗೆ ಕಷ್ಟದ ಕಾಲ. ಮೈ ದೊಡ್ಡದು, ಬುದ್ಧಿ ಮರಿಯದು. ಆಟಕ್ಕೆ ಕುರಿಮರಿಯನ್ನು ಅಟ್ಟಿಸಿಕೊಂಡು ಹೋಗುತ್ತದೆ, ಉಣ್ಣೆ ಕೀಳುತ್ತದೆ, ಕೆಲವು ಸಲ ಕುರಿಮರಿ ಸಾಯುತ್ತದೆ ಕೂಡ. ನಾಯಿ ಕೆಟ್ಟಿತು ಅಂತ ಮಾರಿಬಿಡುವವರು ಹೆಚ್ಚಾಗಿ ಮಾರುವುದು ಈ ವಯಸ್ಸಿನಲ್ಲೇ. ಆ ಕೆಲವು ತಿಂಗಳು ಕುರಿಮರಿಗಳಿಂದ ದೂರ ಇಟ್ಟು, ದೊಡ್ಡ ಕುರಿಗಳ ಜೊತೆ ನಿಮ್ಮ ಕಣ್ಣೆದುರಿಗೇ ಬಿಡಿ. ಆಗಲೇ ಕೆಲಸ ಬಲ್ಲ ಹಿರಿಯ ನಾಯಿ ಒಂದಿದ್ದರೆ ಅರ್ಧ ಕೆಲಸ ಅದೇ ಮಾಡುತ್ತದೆ. ಎರಡು ವರ್ಷ ತುಂಬುವ ಹೊತ್ತಿಗೆ ನಾಯಿ ಹದಕ್ಕೆ ಬರುತ್ತದೆ, ಆಮೇಲೆ ಹತ್ತು ಹನ್ನೆರಡು ವರ್ಷದವರೆಗೂ ಬದುಕುತ್ತದೆ.

ಡಾಕ್ಟರಿಗೆ ಹೇಳಲೇಬೇಕಾದ ಒಂದು ಮಾತು ಇದೆ. ಈ ನಾಯಿಗಳಲ್ಲಿ ಅರಿವಳಿಕೆ ಮದ್ದಿಗೆ ಮೈ ಸೂಕ್ಷ್ಮವಾಗಿ ಸ್ಪಂದಿಸುವುದುಂಟು ಅಂತ ಸಾಕುವವರು ಎಚ್ಚರಿಸುತ್ತಾರೆ. ಆಪರೇಷನ್ನಿಗೆ ಮುಂಚೆ ತಳಿ ಯಾವುದು, ತೂಕ ಎಷ್ಟು ಅಂತ ಸರಿಯಾಗಿ ಹೇಳಿ, ಅಳತೆ ನೋಡಿಕೊಂಡು ಕೊಡಿ ಅನ್ನಿ. ಹಾಗೇ ಹೊಟ್ಟೆ ಉಬ್ಬಿ, ವಾಂತಿಗೆ ಒದ್ದಾಡಿದರೂ ಏನೂ ಬರುತ್ತಿಲ್ಲ ಅನ್ನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ. ಹೊಟ್ಟೆ ತಿರುಚಿಕೊಂಡಿರಬಹುದು. ಆಗ ಗಂಟೆಗಳ ಲೆಕ್ಕ.